ಚಾರಣದ ಹ್ಯಾಮ್ ರೇಡಿಯೊ ಕಿಟ್

ಬೆಟ್ಟ ಹತ್ತುವ ಹವ್ಯಾಸಿ ರೇಡಿಯೊದವರು ಬೆನ್ನಚೀಲದಲ್ಲಿ ಒಯ್ಯುವ ಪುಟ್ಟ ಸಂಪರ್ಕ ಸಲಕರಣೆ. 5 ವ್ಯಾಟ್‌ನ ಹ್ಯಾಂಡ್‌ಸೆಟ್, ಆಂಟೆನಾ, ಹೆಚ್ಚುವರಿ ಬ್ಯಾಟರಿ, ಲಾಗ್ ಪುಸ್ತಕ, ಪೆನ್ಸಿಲ್ ಇದ್ದರೆ ಸಾಕು. ಭಾರವೆನಿಸಿದರೆ ಬೇರೇನನ್ನಾದರೂ ಬಿಡಬಹುದು, ಬ್ಯಾಟರಿಯನ್ನಲ್ಲ. ಈ ಹ್ಯಾಂಡ್‌ಸೆಟ್ ಬಳಸುವ 144–146 ಮೆಗಾಹರ್ಟ್ಸ್ ಅಲೆಗಳು ಬಹುಮಟ್ಟಿಗೆ ದೃಷ್ಟಿರೇಖೆಯಲ್ಲೇ ಸಾಗುವುದರಿಂದ ವ್ಯಾಟ್‌ಗಿಂತ ಎತ್ತರವೇ ಮುಖ್ಯ. ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು ಬಯಲಿನಿಂದ ಎದ್ದು ನಿಂತಿರುವುದರಿಂದ ಇಂಥ ಪ್ರಯೋಗಕ್ಕೆ ಹೇಳಿಮಾಡಿಸಿದ ಜಾಗ. ಆದರೆ ನೆರಳಿಗೆಂದು ಹೆಬ್ಬಂಡೆಯ ಮಗ್ಗುಲಿಗೆ ಕೂತರೆ ಆ ದಿಕ್ಕಿನ ಸಿಗ್ನಲ್ ಕುಂದುತ್ತದೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಲಿಥಿಯಂ ಬ್ಯಾಟರಿ ಇಡುವುದು ಅಪಾಯ. ಬಟ್ಟೆ ಸುತ್ತಿ ಚೀಲದೊಳಗಿಡಬೇಕು. ದೂರದ ಮಾತಿಗೆ 7 ಮೆಗಾಹರ್ಟ್ಸ್‌ನ ಸೆಟ್ಟು, ಸುಮಾರು 20 ಮೀಟರ್ ತಂತಿಯ ಡೈಪೋಲ್ ಆಂಟೆನಾ, ಅದನ್ನೆತ್ತಲು ಮಡಚುವ ಕೋಲು ಬೇಕು. ಭಾರತದಲ್ಲಿ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರಿಗೆ ವಿಯು2 ಅಥವಾ ವಿಯು3ರಿಂದ ಶುರುವಾಗುವ ಕರೆಸಂಕೇತ ಸಿಗುತ್ತದೆ. ಪರವಾನಗಿಯಿಲ್ಲದೆ ಪ್ರಸಾರ ಮಾಡುವಂತಿಲ್ಲ.