ಮನೆಗೊಂದು ತೆರೆ: ದೂರದರ್ಶನ, ಗಣಕಯಂತ್ರಗಳ ಸಂಗಮದ ಒಂದು ಸಮೀಕ್ಷೆ

ಮೈಸೂರಿನ ಸರಸ್ವತೀಪುರಂ, ಕುವೆಂಪುನಗರಗಳ ಬಾಡಿಗೆಯ ಕೋಣೆಗಳಲ್ಲಿ ವಾಸಿಸುವ ವಿದ್ಯಾರ್ಥಿಗಳಿಗೂ, ನಿವೃತ್ತಿವೇತನದಲ್ಲಿ ಸಂಸಾರವನ್ನು ತೂಗಿಸುವ ಹಿರಿಯರಿಗೂ, ಮನೆಯಲ್ಲಿಯೇ ಕುಳಿತು ಉದ್ಯೋಗ ನಡೆಸುವ ತರುಣ ದಂಪತಿಗಳಿಗೂ ಇಂದು ಸಮಾನವಾಗಿ ಎದುರಾಗುವ ಪ್ರಶ್ನೆಯೊಂದುಂಟು: ಹಗಲು ಗಣಕಯಂತ್ರದ ಮಾನಿಟರಾಗಿಯೂ ಇರುಳು ಮನೆಮಂದಿಯ ಟಿ.ವಿ.ಯಾಗಿಯೂ ಒದಗಬಲ್ಲ, ಮಿತವ್ಯಯದ ಒಂದೇ ತೆರೆಯನ್ನು ಆರಿಸಿಕೊಳ್ಳುವುದು ಹೇಗೆ? ಅಂಗಡಿಗಳಲ್ಲಿ ಇದಕ್ಕೆ ದೊರೆಯುವ ಉತ್ತರ ಸಾಮಾನ್ಯವಾಗಿ ಅಂಗುಲಗಳ ಲೆಕ್ಕದಲ್ಲಿಯೇ ಮುಗಿದುಹೋಗುತ್ತದೆ. ಆದರೆ ಈ ಎರಡು ಉಪಕರಣಗಳು ಒಂದೇ ಮೂಲದಿಂದ ಹುಟ್ಟಿ, ಸಕಾರಣವಾಗಿ ಬೇರ್ಪಟ್ಟು, ಬಹುಕಾಲದ ಮೇಲೆ ಮತ್ತೆ ಸಮೀಪಿಸಿದ ಚರಿತ್ರೆಯನ್ನು ಅವಲೋಕಿಸಿದರೆ, ತೆರೆಯ ಯೋಗ್ಯತೆಗೆ ನಿಜವಾದ ಒರೆಗಲ್ಲು ಚಿತ್ರವಲ್ಲ, ಅಕ್ಷರ, ಅದರಲ್ಲಿಯೂ ನಮ್ಮ ಕನ್ನಡದ ಒತ್ತಕ್ಷರ, ಎಂಬುದು ವಿಶದವಾಗುತ್ತದೆ.

ಎರಡಕ್ಕೂ ಮೂಲವಾದುದು ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲಿ ನಿರ್ಮಿಸಿದ ಕ್ಯಾಥೋಡ್ ಕಿರಣದ ನಳಿಗೆ. ಜನರು ಪಿಕ್ಚರ್ ಟ್ಯೂಬ್ ಎಂದು ಕರೆಯುತ್ತ ಬಂದುದು ಅದರ ಸಂತತಿಯನ್ನೇ. ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಈ ಮೈಸೂರು, ಧ್ವನಿಯ ವಿಷಯದಲ್ಲಿ ಮುಂದಾಗಿದ್ದರೂ, ಚಿತ್ರಕ್ಕಾಗಿ ದೀರ್ಘಕಾಲ ಕಾಯಬೇಕಾಯಿತು. ದೆಹಲಿಯಲ್ಲಿ 1959ರಲ್ಲಿ ದೂರದರ್ಶನದ ಪ್ರಯೋಗ ಮೊದಲಾಗಿತ್ತು; 1975ರಿಂದ 76ರವರೆಗೆ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದ ದೆಸೆಯಿಂದ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗರು ರಾಜಧಾನಿಯಾದ ಬೆಂಗಳೂರಿಗಿಂತಲೂ ಮುಂಚೆ ಟಿ.ವಿ. ಕಂಡರು; ಬೆಂಗಳೂರು ಕೇಂದ್ರ 1981ರಲ್ಲಿ ಸ್ಥಾಪಿತವಾದ ಬಳಿಕವೇ ದಕ್ಷಿಣ ಕರ್ನಾಟಕದ ಊರುಗಳ ಮಾಡಿನ ಮೇಲೆ ಅಲ್ಯೂಮಿನಿಯಂ ಆಂಟೆನಾಗಳು ತಲೆಯೆತ್ತಿದುವು. ಅಂದಿನ ಕಪ್ಪುಬಿಳುಪು ಪೆಟ್ಟಿಗೆಗಳಿಗೆ ಬೇಕಾದ ಪಿಕ್ಚರ್ ಟ್ಯೂಬುಗಳನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸುತ್ತಿದ್ದಿತೆಂಬುದು ಕನ್ನಡಿಗರು ಮರೆಯಲಾಗದ ಸಂಗತಿ.

ನಮ್ಮ ದೇಶ ಅಂಗೀಕರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಸೆಕೆಂಡಿಗೆ 25 ಚಿತ್ರಗಳಾಗಿ, ಪ್ರತಿ ಚಿತ್ರವೂ ಬೆಸ ಮತ್ತು ಸಮ ಗೆರೆಗಳ ಎರಡು ಅರ್ಧಗಳಾಗಿ ಒಡೆದು ಬರುತ್ತಿದ್ದಿತು. ಹತ್ತು ಅಡಿ ದೂರದಲ್ಲಿ ಚಾಪೆಯ ಮೇಲೆ ಕುಳಿತು ನೋಡುವವರಿಗೆ ಇದು ಧಾರಾಳವಾಗಿ ಸಾಕಾಗಿತ್ತು. ಇದೇ ಪೆಟ್ಟಿಗೆಯನ್ನು ಅಗ್ಗದ ಮಾನಿಟರಾಗಿ ಬಳಸಿಕೊಳ್ಳುವ ಆಲೋಚನೆಯೂ ಹೊಸದಲ್ಲ. ಇಂಗ್ಲೆಂಡಿನಲ್ಲಿ 1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಂ ಗಣಕ ಮನೆಯ ಟಿ.ವಿ.ಯ ಆಂಟೆನಾ ರಂಧ್ರವನ್ನೇ ಆಶ್ರಯಿಸಿದ್ದಿತು. ಭಾರತ ಸರ್ಕಾರವು 1984ರಲ್ಲಿ ಕೈಗೊಂಡ ಕ್ಲಾಸ್ ಎಂಬ ಗಣಕಶಿಕ್ಷಣ ಯೋಜನೆಯ ಮೂಲಕ ನಮ್ಮ ಶಾಲೆಗಳಿಗೆ ಪ್ರವೇಶಿಸಿದ ಬಿಬಿಸಿ ಮೈಕ್ರೋ ಗಣಕದ ಬೆನ್ನಿನಲ್ಲಿ ಟಿ.ವಿ.ಗೊಂದು, ಮಾನಿಟರಿಗೊಂದು ಎಂದು ಪ್ರತ್ಯೇಕ ರಂಧ್ರಗಳೇ ಇದ್ದುವು. ಆದರೆ ಟಿ.ವಿ.ಗೆ ಜೋಡಿಸಿದಾಗ ಸಾಲಿಗೆ ನಲವತ್ತು ಅಕ್ಷರಗಳನ್ನು ಮಾತ್ರ ನೆಮ್ಮದಿಯಾಗಿ ಓದಬಹುದಾಗಿತ್ತು. ಎಂಬತ್ತು ಅಕ್ಷರಗಳನ್ನು ತುಂಬಿದೊಡನೆ ಅವು ಒಂದರೊಳಗೊಂದು ಕರಗಿ ಕಣ್ಣನ್ನು ಪೀಡಿಸುತ್ತಿದ್ದುವು.

ವಿಚ್ಛೇದ ಪೂರ್ಣವಾದುದು 1987ರಲ್ಲಿ. ಐಬಿಎಂ ಸಂಸ್ಥೆ ಆ ವರ್ಷ ಪ್ರಚುರಪಡಿಸಿದ ವಿಜಿಎ ಪದ್ಧತಿಯಲ್ಲಿ ತೆರೆಯ ಮೇಲೆ ಅಡ್ಡಲಾಗಿ 640, ಲಂಬವಾಗಿ 480 ಚುಕ್ಕೆಗಳಿದ್ದು, ಅರ್ಧಗಳಾಗಿ ಒಡೆಯದ ಸಂಪೂರ್ಣ ಚಿತ್ರವೇ ಸೆಕೆಂಡಿಗೆ ಸುಮಾರು ಅರುವತ್ತು ಬಾರಿ ರಚಿತವಾಗುತ್ತಿದ್ದುದರಿಂದ, ಸೆಕೆಂಡೊಂದಕ್ಕೆ 15,625 ಗೆರೆಗಳನ್ನು ಎಳೆಯುತ್ತಿದ್ದ ಟಿ.ವಿ.ಗೆ ಅದರ ಇಮ್ಮಡಿ ವೇಗದ ಈ ಸಂಕೇತವನ್ನು ಗ್ರಹಿಸುವುದು ಅಸಾಧ್ಯವಾಯಿತು. ಮಾನಿಟರ್ ಓದುಗನ ಉಪಕರಣವಾಯಿತು, ಟಿ.ವಿ. ಪ್ರೇಕ್ಷಕನದಾಗಿ ಉಳಿಯಿತು. ಕನ್ನಡದ ಮಟ್ಟಿಗೆ ಈ ಬೇರ್ಪಡಿಕೆ ಅನುಗ್ರಹವೇ ಆಯಿತೆಂದು ನನ್ನ ನಿಶ್ಚಿತಾಭಿಪ್ರಾಯ. ರೋಮನ್ ಲಿಪಿಯ ಒಂದು ಅಕ್ಷರ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕದಲ್ಲಿ ಹೇಗೋ ಅಡಗೀತು. ಆದರೆ 'ಸ್ತ್ರೀ', 'ರಾಷ್ಟ್ರ' ಮೊದಲಾದ ಪದಗಳಲ್ಲಿ ಅಕ್ಷರ, ಗುಣಿತದ ಚಿಹ್ನೆ, ಒತ್ತಿನ ಕೆಳಗೊಂದು ಒತ್ತು, ಹೀಗೆ ಅಂತಸ್ತುಗಳು ಸೇರುವುದರಿಂದ, ಅದರ ಎರಡು ಮೂರು ಪಟ್ಟು ಎತ್ತರವಿಲ್ಲದೆ ಅವು ರೂಪುಗೊಳ್ಳಲಾರವು. ಗಣಕದಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸುವ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡುಗಳು, 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಹಿತೆಯಲ್ಲಿ ಕನ್ನಡಕ್ಕೆ ದೊರೆತ ಸ್ಥಾನ, ಬರಹ ಮತ್ತು ನುಡಿ ತಂತ್ರಾಂಶಗಳು, 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ತುಂಗಾ ಅಕ್ಷರಮಾಲೆ, ಇವೆಲ್ಲವೂ ಸಾರ್ಥಕವಾದುದು ಸೂಕ್ಷ್ಮ ಚುಕ್ಕೆಗಳ ಮಾನಿಟರಿನ ಮೇಲೆಯೇ ಹೊರತು ಟಿ.ವಿ.ಯ ಮೇಲಲ್ಲ. ಮೈಸೂರಿನಂಥ ಪ್ರಕಾಶನಪ್ರಿಯ ನಗರದಲ್ಲಿ ಡಿಟಿಪಿ ಮಾಡುವವರು ಹದಿನಾಲ್ಕು ಅಂಗುಲದ ಆ ಗಾಜಿನ ಮುಂದೆ ಕುಳಿತು ಕರಡು ತಿದ್ದಿದ ಶ್ರಮವನ್ನು ಗೌರವದಿಂದ ಸ್ಮರಿಸಬೇಕು.

ತದನಂತರ ಸಂಯೋಗದ ಯತ್ನ ವಿರುದ್ಧ ದಿಕ್ಕಿನಿಂದ ನಡೆಯಿತು: ಟಿ.ವಿ.ಯನ್ನು ಮಾನಿಟರಾಗಿಸುವ ಬದಲು ಮಾನಿಟರನ್ನು ಟಿ.ವಿ.ಯಾಗಿಸುವುದು. ಈ ಶತಮಾನದ ಮೊದಲ ದಶಕದಲ್ಲಿ, ಕೇಬಲ್ ತಂತಿಯನ್ನು ಒಂದು ಕಡೆ ಸ್ವೀಕರಿಸಿ ಮತ್ತೊಂದು ಕಡೆ ವಿಜಿಎ ಸಂಕೇತವನ್ನು ಹೊರಡಿಸುವ ಟಿ.ವಿ. ಟ್ಯೂನರ್ ಎಂಬ ಚಿಕ್ಕ ಪೆಟ್ಟಿಗೆ, ಗಣಕ ಕೊಂಡು ಕೈ ಬರಿದಾಗಿದ್ದ ಎಷ್ಟೋ ಕುಟುಂಬಗಳಿಗೂ ವಿದ್ಯಾರ್ಥಿಗಳಿಗೂ ಆಪ್ತವಾಯಿತು. ಚಿತ್ರ ಸಾಧಾರಣ, ಧ್ವನಿ ಗಣಕದ ಸ್ಪೀಕರಿನಿಂದ. ಆದರೂ ಅಲ್ಪವಿತ್ತದವರಿಗೆ ಅದು ಮಾಡಿದ ಉಪಕಾರ ಸಾಮಾನ್ಯವಲ್ಲ.

ಚಪ್ಪಟೆಯಾದ ಎಲ್‌ಸಿಡಿ ಫಲಕಗಳು ಬಂದುದರಿಂದಲೂ, 2002ರಲ್ಲಿ ನಿರ್ಧರಿತವಾದ ಎಚ್‌ಡಿಎಂಐ ಎಂಬ ಸಮಾನ ಜೋಡಣೆಯ ಪದ್ಧತಿಯಿಂದಲೂ ಎರಡು ಉಪಕರಣಗಳ ಅಂತರಂಗ ಒಂದೇ ಆಯಿತು. ಆದರೂ ಹಳೆಯ ಸಂಸ್ಕಾರಗಳು ಅಳಿಯಲಿಲ್ಲ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ವೋಲ್ಟೇಜಿನ ಏರಿಳಿತದಿಂದ ಚಿತ್ರ ಕುಗ್ಗಿ ಹಿಗ್ಗುತ್ತಿದ್ದುದರಿಂದ, ಅದರ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುವ ಪದ್ಧತಿ ಬೆಳೆದಿದ್ದಿತು. ಇಂದಿಗೂ ಅನೇಕ ಟಿ.ವಿ.ಗಳು ಗಣಕದ ಚಿತ್ರದ ನಾಲ್ಕು ಅಂಚುಗಳನ್ನೂ ಅಕಾರಣವಾಗಿ ಕತ್ತರಿಸುವುದು ಈ ಪರಂಪರೆಯ ಫಲ. ಸೆಟ್ಟಿಂಗ್ಸಿನಲ್ಲಿ 'ಸ್ಕ್ರೀನ್ ಫಿಟ್' ಅಥವಾ 'ಜಸ್ಟ್ ಸ್ಕ್ಯಾನ್' ಎಂಬುದನ್ನು ಆರಿಸಿದರೆ ದೋಷ ನಿವಾರಣೆಯಾಗುತ್ತದೆ. ವರ್ಣದ ಸಂಸ್ಕಾರ ಇನ್ನೊಂದು: ಕಣ್ಣು ಬೆಳಕಿನ ಭೇದವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಭೇದವನ್ನು ಗುರುತಿಸದ ಕಾರಣ, ಪ್ರಸಾರದಲ್ಲಿ ಬಣ್ಣದ ವಿವರವನ್ನು ಮೊಟಕುಗೊಳಿಸುವುದು ರೂಢಿ; ಟಿ.ವಿ. ಗಣಕದ ಸಂಕೇತಕ್ಕೂ ಅದನ್ನೇ ಅನ್ವಯಿಸಿದಾಗ ಕಪ್ಪು ಹಿನ್ನೆಲೆಯ ಕೆಂಪು, ನೀಲಿ ಅಕ್ಷರಗಳು ಮಸುಕಾಗುವುವು. ಗಣಕವನ್ನು ಜೋಡಿಸಿದ ಎಚ್‌ಡಿಎಂಐ ರಂಧ್ರಕ್ಕೆ 'ಪಿಸಿ' ಎಂದು ನಾಮಕರಣ ಮಾಡಿದರೆ ಬಹುಪಾಲು ಟಿ.ವಿ.ಗಳು ಈ ಮೊಟಕನ್ನು ಕೈಬಿಡುತ್ತವೆ.

ಮೈಸೂರಿನ ಮಟ್ಟಿಗೆ ನಿರ್ಣಾಯಕವಾದ ದಿನ 2013ರ ಮಾರ್ಚ್ 31. ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತದ 38 ನಗರಗಳಲ್ಲಿ ಬೆಂಗಳೂರಿನೊಡನೆ ಮೈಸೂರೂ ಸೇರಿದ್ದು, ಅಂದಿನ ಗಡುವಿನ ಪ್ರಕಾರ ಪ್ರತಿ ಸಂಪರ್ಕಕ್ಕೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಮನೆಮನೆಗೆ ಇದೊಂದು ಖರ್ಚಾಗಿ ತೋರಿದರೂ, ಟ್ಯೂನರು ಟಿ.ವಿ.ಯ ಹೊಟ್ಟೆಯಿಂದ ಹೊರಬಿದ್ದು ಬೇರೆ ಪೆಟ್ಟಿಗೆಯಲ್ಲಿ ನೆಲೆಸಿದ್ದರಿಂದ, ಟಿ.ವಿ.ಗೂ ಮಾನಿಟರಿಗೂ ಇದ್ದ ಮುಖ್ಯ ವ್ಯತ್ಯಾಸವೇ ಲುಪ್ತವಾಯಿತೆಂಬುದನ್ನು ಗಮನಿಸಿದವರು ವಿರಳ. ಎಚ್‌ಡಿ ಬಾಕ್ಸಿನ ತಂತಿಯನ್ನು ಸಾಮಾನ್ಯ ಮಾನಿಟರಿಗೆ ಸಿಕ್ಕಿಸಿದರೆ ಅದೇ ಟಿ.ವಿ.ಯಾಗುತ್ತದೆ. ಮೂರು ಬಣ್ಣದ ಪಿನ್ನುಗಳಷ್ಟೇ ಇರುವ ಹಳೆಯ ಬಾಕ್ಸುಗಳಿಂದ ಮಾತ್ರ ಈ ಪ್ರಯೋಜನವಿಲ್ಲ. ಮುಂದೆ ಅಂತರ್ಜಾಲದ ಮೂಲಕ ಚಿತ್ರ ತರುವ ಕಡ್ಡಿಯಂಥ ಸಾಧನಗಳು ಬಂದಾಗ ಬಾಕ್ಸಿನ ಅಗತ್ಯವೂ ಕುಗ್ಗಿತು.

ಕೋವಿಡ್ ಬಂದ 2020ರಲ್ಲಿ ಶಾಲೆಗಳು ಮುಚ್ಚಿ, ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾಗತೊಡಗಿದಾಗ, ಒಂದು ಮಗುವಿಗೆ ಚಂದನ, ಮತ್ತೊಂದಕ್ಕೆ ಆನ್‌ಲೈನ್ ತರಗತಿ, ತಂದೆತಾಯಿಯರಿಗೆ ಕಚೇರಿ ಎಂಬಂತಾಗಿ, ತೆರೆ ಅನ್ನವಸ್ತ್ರಗಳ ಸಾಲಿಗೆ ಸೇರಿತು. ಆಗ ಅವಸರದಲ್ಲಿ ಕೊಂಡವರು ಬಹುಮಟ್ಟಿಗೆ 32 ಅಂಗುಲದ ಎಚ್‌ಡಿ ರೆಡಿ ಟಿ.ವಿ.ಗೇ ಮೊರೆಹೋದರು. ತೆರಿಗೆಯ ಸೆಳೆತವೂ ಅತ್ತಲೇ ಇದ್ದಿತು: 2019ರ ಜನವರಿ 1ರಿಂದ 32 ಅಂಗುಲದವರೆಗಿನ ಟಿ.ವಿ., ಮಾನಿಟರುಗಳಿಗೆ ಜಿಎಸ್‌ಟಿ ಶೇಕಡ 18. ಅದನ್ನು ಮೀರಿದ ಟಿ.ವಿ.ಗೆ ಆಗ ಶೇಕಡ 28 ಇದ್ದಿತು.

ಟಿ.ವಿ.ಯಾಗಿ 32 ಅಂಗುಲದ ಆ ಎಚ್‌ಡಿ ರೆಡಿ ತೆರೆ ನಿರ್ದುಷ್ಟ. ಮಾನಿಟರಾಗಿ ಅದಕ್ಕಿಂತ ಅನರ್ಹವಾದುದು ಇಲ್ಲ. ಕಾರಣ ಸರಳವಾದ ಗಣಿತ. ಸುಮಾರು 71 ಸೆಂಟಿಮೀಟರ್ ಅಗಲದ ಆ ತೆರೆಯಲ್ಲಿ ಅಡ್ಡಲಾಗಿ ಇರುವುವು 1366 ಚುಕ್ಕೆಗಳು; ಅಂದರೆ ಚುಕ್ಕೆಯೊಂದಕ್ಕೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು. ಆರೋಗ್ಯವಂತ ಕಣ್ಣು ಮೂರು ಮೀಟರ್ ದೂರದಿಂದ ಸುಮಾರು 0.87 ಮಿ.ಮೀ. ಅಂತರವನ್ನು, ಅರುವತ್ತು ಸೆಂಟಿಮೀಟರ್ ದೂರದಿಂದ 0.17 ಮಿ.ಮೀ. ಅಂತರವನ್ನು ಬಿಡಿಸಿ ನೋಡಬಲ್ಲುದಾದ್ದರಿಂದ, ಮಂಚದ ಮೇಲಿಂದ ಕಾಣದ ಚುಕ್ಕೆಗಳು ಮೇಜಿನ ಮುಂದೆ ಸ್ಪಷ್ಟವಾಗಿ ಎದ್ದು ಕಂಡು, ಒತ್ತಕ್ಷರಗಳನ್ನು ವಿಕಾರಗೊಳಿಸುವುವು. 24 ಅಂಗುಲದ ಫುಲ್ ಎಚ್‌ಡಿ ಮಾನಿಟರಿನಲ್ಲಿ ಚುಕ್ಕೆಯ ಅಳತೆ 0.28 ಮಿ.ಮೀ.; 27 ಅಂಗುಲದಲ್ಲಿ 0.31. ಒಂದೇ ಕೋಣೆಯಲ್ಲಿ ಬದುಕುವವರಿಗೆ ಇವೆರಡರಲ್ಲೊಂದು, ಜೊತೆಗೆ ಎಚ್‌ಡಿ ಬಾಕ್ಸ್ ಮತ್ತು ಒಂದು ಜೊತೆ ಸಾಧಾರಣ ಸ್ಪೀಕರು ಸಾಕೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಮಾನಿಟರಿನ ಸ್ವಂತ ಸ್ಪೀಕರನ್ನು ನಂಬಬಾರದು. ಕೆಲವಕ್ಕೆ ಅದು ಇರುವುದೇ ಇಲ್ಲ. ಓರೆಯಿಂದ ನೋಡಿದರೂ ಬಣ್ಣ ಕೆಡದಂತೆ ಐಪಿಎಸ್ ಫಲಕವನ್ನೇ ಕೇಳಿ ಪಡೆಯತಕ್ಕದ್ದು.

ದೊಡ್ಡ ಹಜಾರವುಳ್ಳವರಿಗೆ ಮಾತ್ರ ಈಗ ಮತ್ತೊಂದು ಮಾರ್ಗ ತೆರೆದಿದೆ. ಮೈಸೂರು ದಸರಾ ಉದ್ಘಾಟನೆಯಾದ 2025ರ ಸೆಪ್ಟೆಂಬರ್ 22ರಂದೇ ದೊಡ್ಡ ಟಿ.ವಿ.ಗಳ ಜಿಎಸ್‌ಟಿಯೂ ಶೇಕಡ 18ಕ್ಕೆ ಇಳಿದು, 43 ಅಂಗುಲದ 4ಕೆ ಟಿ.ವಿ. ಮೊದಲಿಗಿಂತ ಸುಲಭವಾಯಿತು. ಅದರ ಚುಕ್ಕೆ 0.25 ಮಿ.ಮೀ., ಅಂದರೆ 24 ಅಂಗುಲದ ಮಾನಿಟರಿಗಿಂತಲೂ ಸೂಕ್ಷ್ಮ. ಒಂದು ಮೀಟರಿನಷ್ಟು ದೂರ ಕುಳಿತುಕೊಳ್ಳಲು ಆಸ್ಪದವಿದ್ದರೆ ಕನ್ನಡದ ಪುಟಗಳೆರಡನ್ನು ಅಕ್ಕಪಕ್ಕದಲ್ಲಿ ತೆರೆದಿಟ್ಟು ಓದಬಹುದು. ಇದೇ ಗಾತ್ರದ ಫುಲ್ ಎಚ್‌ಡಿ ಮಾದರಿಯನ್ನು ಕಡಮೆ ಬೆಲೆಗೆ ತೋರಿಸಿದರೆ ಒಲ್ಲೆನೆನ್ನಬೇಕು. ಅದರ ಚುಕ್ಕೆ ಮತ್ತೆ ಅರ್ಧ ಮಿಲಿಮೀಟರು.

ದೇವರಾಜ ಅರಸು ರಸ್ತೆಯ ಅಂಗಡಿಗೆ ಹೋಗುವಾಗ ಸ್ವಂತ ಲ್ಯಾಪ್‌ಟಾಪನ್ನೂ ಎಚ್‌ಡಿಎಂಐ ತಂತಿಯನ್ನೂ ಒಯ್ದು, ಸಣ್ಣ ಅಕ್ಷರದ ಕನ್ನಡ ಪುಟವೊಂದನ್ನು, ಸಾಧ್ಯವಾದರೆ ಕಪ್ಪು ಹಿನ್ನೆಲೆಯ ಕೆಂಪಕ್ಷರಗಳ ಪುಟವೊಂದನ್ನು, ಆ ತೆರೆಯ ಮೇಲೆಯೇ ತೆರೆಯಿಸಿ ನೋಡುವುದು ಯುಕ್ತ. ಲ್ಯಾಪ್‌ಟಾಪು ಹಳೆಯದಾಗಿ, 2013ರಲ್ಲಿ ಪ್ರಕಟವಾದ ಎಚ್‌ಡಿಎಂಐ 2.0ಕ್ಕಿಂತ ಹಿಂದಿನ ರಂಧ್ರವುಳ್ಳದ್ದಾಗಿದ್ದರೆ, 4ಕೆ ಚಿತ್ರವನ್ನು ಅದು ಸೆಕೆಂಡಿಗೆ ಹೆಚ್ಚೆಂದರೆ 30 ಬಾರಿ ಮಾತ್ರ ಕಳುಹಿಸಬಲ್ಲುದು. ಮೌಸಿನ ಬಾಣ ತಡವರಿಸಿ ಚಲಿಸುವುದು. ಅಂಥವರು 4ಕೆ ಟಿ.ವಿ.ಗೆ ಹಣ ತೆರುವ ಮುನ್ನ ಗಣಕದ ಯೋಗ್ಯತೆಯನ್ನು ವಿಚಾರಿಸಿಕೊಳ್ಳಬೇಕು; ಅದನ್ನು ಬದಲಿಸುವ ಶಕ್ತಿಯಿಲ್ಲದಿದ್ದಲ್ಲಿ 27 ಅಂಗುಲದ ಮಾನಿಟರೇ ಅವರಿಗೆ ಲೇಸು.