ಬಾಯ್ಲರಿನ ಹೊಗೆಮಾರ್ಗದಲ್ಲಿ ಒತ್ತಡನಷ್ಟ: ಒಂದು ಗಣನೆಯ ಚರಿತ್ರೆ

ಉಗಿಯಂತ್ರದ ಚರಿತ್ರೆಯನ್ನು ಬರೆದವರ ದೃಷ್ಟಿ ಬಹುಮಟ್ಟಿಗೆ ಉಗಿಯ ಕಡೆಗೇ ಇದ್ದಿತು. ಕುಲುಮೆಯಿಂದ ಹೊಗೆಗೂಡಿನ ತುದಿಯವರೆಗೆ ಹರಿಯುವ ಬಿಸಿ ಅನಿಲವು ದಾರಿಯಲ್ಲಿ ಎಷ್ಟು ಒತ್ತಡವನ್ನು ಕಳೆದುಕೊಳ್ಳುತ್ತದೆಂಬ ಪ್ರಶ್ನೆಗೆ ಅಷ್ಟು ಪ್ರಾಶಸ್ತ್ಯ ದೊರೆಯಲಿಲ್ಲ. ಆದರೂ ಹೊಗೆಗೂಡಿನ ಎತ್ತರವೂ ಗಂಟೆಗೆ ಉರಿಸಬಹುದಾದ ಕಲ್ಲಿದ್ದಲಿನ ಪ್ರಮಾಣವೂ ಇದರ ಉತ್ತರವನ್ನೇ ಅವಲಂಬಿಸಿದ್ದವು.

ಫ್ರಾನ್ಸಿನ ಭೌತವಿಜ್ಞಾನಿ ಪೆಕ್ಲೆ ಶಾಖದ ಉಪಯೋಗಗಳನ್ನು ಕುರಿತ ತನ್ನ ಗ್ರಂಥವನ್ನು 1828ರಲ್ಲಿ ಪ್ರಕಟಿಸಿದನು. ಅವನ ಪ್ರಯೋಗಗಳಿಂದ ಬಂದ ಗುಣಾಂಕಗಳನ್ನು ಗ್ಲಾಸ್ಗೋ ವಿಶ್ವವಿದ್ಯಾನಿಲಯದ ರ‍್ಯಾಂಕಿನ್ 1859ರ ತನ್ನ ಉಗಿಯಂತ್ರದ ಕೈಪಿಡಿಯಲ್ಲಿ ಬಳಸಿದನು. ಅಲ್ಲಿಯ ಸೂತ್ರದಲ್ಲಿ ಮೂರು ಅಂಶಗಳಿವೆ. ಅನಿಲಕ್ಕೆ ವೇಗವನ್ನು ಕೊಡಲು 1. ಕುಲುಮೆಯ ಜಾಲರಿಯನ್ನೂ ಅದರ ಮೇಲಣ ಕಲ್ಲಿದ್ದಲ ಹಾಸನ್ನೂ ದಾಟಲು 12. ಮಸಿ ಹಿಡಿದ ಗೋಡೆಗಳ ಘರ್ಷಣೆಗೆ ಮೂರನೆಯದು. ಮಾರ್ಗದ ಅಡ್ಡಕೊಯ್ತದ ವಿಸ್ತೀರ್ಣವನ್ನು ಸುತ್ತಳತೆಯಿಂದ ಭಾಗಿಸಿ, ಬಂದ ಅಳತೆಯಿಂದ ಮಾರ್ಗದ ಉದ್ದವನ್ನು ಭಾಗಿಸಿ, 0.012ರಿಂದ ಗುಣಿಸಿದರೆ ಈ ಮೂರನೆಯ ಅಂಶ ಸಿಕ್ಕುತ್ತದೆ. 4 ಅಡಿ ವ್ಯಾಸದ, 200 ಅಡಿ ಉದ್ದದ ದುಂಡು ಮಾರ್ಗಕ್ಕೆ ಅದು 2.4. ಒಟ್ಟು 15.4ರಲ್ಲಿ ಹೆಚ್ಚುಕಡಮೆ ಐದನೆಯ ನಾಲ್ಕು ಪಾಲು ಕಲ್ಲಿದ್ದಲ ಹಾಸಿನಲ್ಲಿಯೇ ವ್ಯಯವಾಯಿತೆಂದಾಯಿತು! ಆದರೆ ಆ 12 ಎಂಬ ಸಂಖ್ಯೆ, ಜಾಲರಿಯ ಚದರ ಅಡಿಗೆ ಗಂಟೆಗೆ 20ರಿಂದ 24 ಪೌಂಡು ಕಲ್ಲಿದ್ದಲು ಉರಿಯುವ ಕುಲುಮೆಗಳದು. ರ‍್ಯಾಂಕಿನ್ ಈ ನಿಬಂಧನೆಯನ್ನು ಸಂಖ್ಯೆಯ ಜೊತೆಯಲ್ಲಿಯೇ ಹೇಳಿದ್ದಾನೆ. ಕುಲುಮೆಯನ್ನು ಬದಲಾಯಿಸಿ ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳುವುದು ಸಲ್ಲದು.

ಅನಿಲದ ಸಾಂದ್ರತೆ ಹೊರಗಾಳಿಯ ಅರ್ಧದಷ್ಟಾದಾಗ ಹೊಗೆಗೂಡು ಅತ್ಯಧಿಕ ತೂಕದ ಅನಿಲವನ್ನು ಸೆಳೆಯುತ್ತದೆಂದೂ ಅವನು ತೋರಿಸಿದನು. ಹೊರಗೆ 10 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಒಳಗೆ ಸುಮಾರು 316 ಡಿಗ್ರಿ ಇರಬೇಕು. ಅಷ್ಟು ಶಾಖವನ್ನು ಆಕಾಶಕ್ಕೆ ಒಪ್ಪಿಸಿ 30 ಮೀಟರ್ ಎತ್ತರದ ಹೊಗೆಗೂಡಿನಿಂದ ಪಡೆಯುವ ಸೆಳೆತ ಸುಮಾರು 19 ಮಿಲಿಮೀಟರ್ ನೀರಿನ ಎತ್ತರದಷ್ಟು ಮಾತ್ರ.

ಈ ಶಾಖವನ್ನು ಉಳಿಸಲೆಂದೇ ಇಂಗ್ಲೆಂಡಿನ ವೇಕ್‌ಫೀಲ್ಡಿನ ಎಡ್ವರ್ಡ್ ಗ್ರೀನ್ 1845ರಲ್ಲಿ ತನ್ನ ಎಕಾನಮೈಸರಿಗೆ ಹಕ್ಕುಪತ್ರ ಪಡೆದನು. ಅನಿಲ ತಣ್ಣಗಾಗಿ ಸೆಳೆತ ಕುಗ್ಗಿತು; ಅಡ್ಡಬಂದ ಕೊಳವೆಗಳು ತಡೆಯನ್ನು ಹೆಚ್ಚಿಸಿದವು. ಕಾಲಕ್ರಮದಲ್ಲಿ ಸೆಳೆತದ ಭಾರ ಫ್ಯಾನಿನ ಮೇಲೆ ಬಿದ್ದಿತು. ಅದೇ ಮಾರ್ಗದಲ್ಲಿ ಅನಿಲದ ಹರಿವು ಇಮ್ಮಡಿಯಾದರೆ ಒತ್ತಡನಷ್ಟ ಸುಮಾರು ನಾಲ್ಕು ಮಡಿಯೂ ಫ್ಯಾನಿನ ಶಕ್ತಿವ್ಯಯ ಸುಮಾರು ಎಂಟು ಮಡಿಯೂ ಆಗುವುದರಿಂದ, ಗಣನೆಯ ತಪ್ಪಿಗೆ ದಿನದಿನವೂ ದಂಡ ತೆರಬೇಕಾಯಿತು.

ಪುಡಿಗಲ್ಲಿದ್ದಲನ್ನು ಉರಿಸುವ ಬಾಯ್ಲರುಗಳಲ್ಲಿ ಹಾಸೇ ಇಲ್ಲ. ಕೊಳವೆಗಳ ಸಾಲುಗಳಲ್ಲಿಯ ನಷ್ಟವೇ ಅಲ್ಲಿ ಮುಖ್ಯವಾಯಿತು. ಕೊಳವೆಗಳ ನಡುವಣ ಅಂತರ, ಅವು ನೇರ ಸಾಲಿನಲ್ಲಿವೆಯೋ ಓರೆಸಾಲಿನಲ್ಲಿವೆಯೋ ಎಂಬುದು, ರೆನಾಲ್ಡ್ಸ್ ಸಂಖ್ಯೆ - ಇವುಗಳನ್ನು ನೇರಮಾರ್ಗದ 0.012 ಒಳಗೊಳ್ಳಲಾರದು. ಪಿಯರ್ಸನ್ ಮತ್ತು ಹ್ಯೂಜರ ಪ್ರಯೋಗಫಲಗಳನ್ನು ಗ್ರಿಮಿಸನ್ 1937ರಲ್ಲಿ ಸಂಯೋಜಿಸಿದನು. ಮರುವರ್ಷ ಯಾಕೋಬ್ ಅವನ್ನು ಸರಳ ಸೂತ್ರಗಳಿಗೆ ಇಳಿಸಿದನು. ಆ ಪ್ರಯೋಗಗಳು ನಡೆದುದು ಶುಭ್ರವಾದ ಕೊಳವೆಗಳ ಮೇಲೆ. ಬೂದಿ ಕಟ್ಟಿದ ಸಾಲಿಗೆ ವಿನ್ಯಾಸಕಾರನು ಇಂದಿಗೂ ತನ್ನ ಅನುಭವದಿಂದ ಒಂದಂಶವನ್ನು ಕೂಡಿಸಿಕೊಳ್ಳುತ್ತಾನೆ. ಪೆಕ್ಲೆಯ ಗುಣಾಂಕವಾದರೋ ಮಸಿಯನ್ನು ಒಳಗೊಂಡೇ ಹುಟ್ಟಿದ್ದಿತು.