ಘನವಸ್ತುಗಳಲ್ಲಿ ಎಲೆಕ್ಟ್ರಾನ್ ಚಲನೆಯ ಅತಿಕ್ಷಿಪ್ರ ಮಾಪನ: ಇತಿಹಾಸ

ಬೆಳಕು ತಾಗಿದಾಗ ಘನವಸ್ತುವಿನೊಳಗೆ ಎಲೆಕ್ಟ್ರಾನುಗಳು ಹೇಗೆ ಚಲಿಸುತ್ತವೆ ಎಂಬುದನ್ನು ಫೆಮ್ಟೊಸೆಕೆಂಡ್ ಮತ್ತು ಅಟೊಸೆಕೆಂಡ್ ಮಾನದಲ್ಲಿ ಅಳೆಯುವ ವಿಧಾನ. ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಫೆಮ್ಟೊಸೆಕೆಂಡ್. ಅದರ ಸಾವಿರದಲ್ಲೊಂದು ಪಾಲು ಅಟೊಸೆಕೆಂಡ್. ಎಲೆಕ್ಟ್ರಾನ್ ವಸ್ತುವಿನಿಂದ ಹೊರಬೀಳಲು ಹಿಡಿಯುವ ಕಾಲ ಬೇರೆ, ಕೆರಳಿದ ಎಲೆಕ್ಟ್ರಾನ್ ಒಳಗೇ ತಣಿಯಲು ಹಿಡಿಯುವ ಕಾಲ ಬೇರೆ. ಇವೆರಡನ್ನು ಬೆರೆಸಿದಾಗ ಇತಿಹಾಸವೂ ಕಲಸಿಹೋಗುತ್ತದೆ.

ತಣಿಯುವ ಕಾಲದ ಮಾಪನ ಮೊದಲು ಬಂತು. 1970ರ ದಶಕದ ವರ್ಣದ್ರವ್ಯ ಲೇಸರ್‌ಗಳು, 1990ರ ದಶಕದ ಟೈಟೇನಿಯಂ-ನೀಲಮಣಿ ಲೇಸರ್‌ಗಳು ಅದನ್ನು ಸಾಧ್ಯಗೊಳಿಸಿದವು. ಲೇಸರ್ ಬೆಳಕಿನ ಮೊದಲ ಮಿಡಿತ ಎಲೆಕ್ಟ್ರಾನನ್ನು ಕೆರಳಿಸುತ್ತದೆ, ತಡವಾಗಿ ಬರುವ ಎರಡನೆಯದು ಅದರ ಸ್ಥಿತಿಯನ್ನು ತಿಳಿಸುತ್ತದೆ. ಎರಡನೆಯದರ ದಾರಿಯನ್ನು 0.3 ಮಿಲಿಮೀಟರ್ ಉದ್ದ ಮಾಡಿದರೆ 1 ಪಿಕೊಸೆಕೆಂಡ್, ಅಂದರೆ 1000 ಫೆಮ್ಟೊಸೆಕೆಂಡ್, ವಿಳಂಬ ಸಿಗುತ್ತದೆ.

ಇಂಥ ಮಾಪನದಲ್ಲಿ ಕರ್ನಾಟಕದ ಒಂದು ದಾಖಲೆ 2009ರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ಅವರ ತಂಡ ಸಿ.ಎನ್.ಆರ್. ರಾವ್ ಅವರೊಂದಿಗೆ, ಮೂರು ದ್ರಾವಕಗಳಲ್ಲಿ ತೇಲಿಬಿಟ್ಟ ಗ್ರ್ಯಾಫೀನನ್ನು (ಇಂಗಾಲದ ಅತಿ ತೆಳು ಹಾಳೆ) 80 ಫೆಮ್ಟೊಸೆಕೆಂಡಿನ ಮಿಡಿತಗಳಿಂದ ಪರೀಕ್ಷಿಸಿತು. ಎರಡು ಹಂತಗಳು ಕಂಡವು. ಎಲೆಕ್ಟ್ರಾನುಗಳು ತಮ್ಮತಮ್ಮಲ್ಲೇ ಡಿಕ್ಕಿಯಾಗುವ ಹಂತಕ್ಕೆ 130ರಿಂದ 330 ಫೆಮ್ಟೊಸೆಕೆಂಡ್. ಶಕ್ತಿಯನ್ನು ಜಾಲಕದ ಕಂಪನಗಳಿಗೆ ಒಪ್ಪಿಸುವ ಹಂತಕ್ಕೆ 3.5ರಿಂದ 4.9 ಪಿಕೊಸೆಕೆಂಡ್. ಇದು ಬೆಲೆಯುಳ್ಳ ಕೆಲಸ, ಆದರೆ ಅಟೊಸೆಕೆಂಡ್ ಮಾಪನವಲ್ಲ. ಮೊದಲ ಹಂತದ ಕೆಳಮಿತಿ ಮಿಡಿತದ ಉದ್ದಕ್ಕೆ ತೀರ ದೂರವೂ ಇಲ್ಲವಾದ್ದರಿಂದ ಆ ಅಂಕಿಯನ್ನು ಎಚ್ಚರದಿಂದ ಓದಬೇಕು.

ಹೊರಬೀಳುವ ಕಾಲವನ್ನು ಅಳೆಯಲು ಬೇಕಾದ ಅಟೊಸೆಕೆಂಡ್ ಮಿಡಿತಗಳು 2001ರಲ್ಲಿ ಅನಿಲಗಳಿಂದ ಹುಟ್ಟಿದವು: ಫ್ರಾನ್ಸಿನಲ್ಲಿ ಪಿಯರ್ ಅಗೋಸ್ಟಿನಿ ತಂಡದ 250 ಅಟೊಸೆಕೆಂಡಿನ ಸರಣಿ, ವಿಯೆನ್ನಾದಲ್ಲಿ ಫೆರೆಂಕ್ ಕ್ರೌಸ್ ತಂಡದ 650 ಅಟೊಸೆಕೆಂಡಿನ ಒಂಟಿ ಮಿಡಿತ. ಘನವಸ್ತುವಿನ ಸರದಿ ಬಂದದ್ದು 2007ರಲ್ಲಿ. ಟಂಗ್‌ಸ್ಟನ್ ಹರಳಿನಲ್ಲಿ ಪರಮಾಣುವಿನ ಒಳಕವಚದ ಎಲೆಕ್ಟ್ರಾನುಗಳು ವಾಹಕ ಪಟ್ಟಿಯವುಗಳಿಗಿಂತ ಸುಮಾರು 110 ಅಟೊಸೆಕೆಂಡ್ ತಡವಾಗಿ ಹೊರಬಂದವು, ಅನಿಶ್ಚಿತತೆಯೇ 70. ಮೇಲ್ಮೈಗೆ ಸಾಗುವ ವೇಗದ ವ್ಯತ್ಯಾಸ ಇದಕ್ಕೆ ಕಾರಣವೆಂದು ಪ್ರಯೋಗ ನಡೆಸಿದವರು ವಿವರಿಸಿದರು. ಒಳಕವಚದ ಎಲೆಕ್ಟ್ರಾನ್ ಒಂದೇ ಪರಮಾಣುವಿಗೆ ಅಂಟಿಕೊಂಡಿರುವುದೇ ಕಾರಣವೆಂದು 2009ರಲ್ಲಿ ಸಿದ್ಧಾಂತಿಗಳು ವಾದಿಸಿದರು. 2012ರಲ್ಲಿ ಮೆಗ್ನೀಸಿಯಂನಲ್ಲಿ ಇಂಥ ವಿಳಂಬ ಕಾಣಿಸದೆ ಚರ್ಚೆ ಇನ್ನಷ್ಟು ಬೆಳೆಯಿತು. ಅಲ್ಲಿಯವರೆಗೆ ಅಳೆದದ್ದೆಲ್ಲ ಒಂದು ಎಲೆಕ್ಟ್ರಾನಿಗೆ ಹೋಲಿಸಿದ ಇನ್ನೊಂದರ ವಿಳಂಬ. 2018ರಲ್ಲಿ ಟಂಗ್‌ಸ್ಟನ್ ಮೇಲೆ ಅಯೋಡಿನ್ ಪರಮಾಣುಗಳನ್ನು ಕೂರಿಸಿ, ಅವುಗಳನ್ನೇ ಗಡಿಯಾರವಾಗಿ ಬಳಸಿ ಹೊರಬೀಳುವ ನಿರಪೇಕ್ಷ ಕಾಲವನ್ನು ಅಳೆಯಲಾಯಿತು. ಕ್ರಮದಲ್ಲಿ ಕೊನೆಯದಾದರೂ ಈ ಇತಿಹಾಸದ ನಿಜವಾದ ತಿರುವು ಇದೇ.

ಆನ್ ಲುಯಿಲಿಯೆ, ಅಗೋಸ್ಟಿನಿ, ಕ್ರೌಸ್ ಅವರಿಗೆ 2023ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದದ್ದು ಅಟೊಸೆಕೆಂಡ್ ಮಿಡಿತಗಳನ್ನು ಸೃಷ್ಟಿಸುವ ವಿಧಾನಗಳಿಗೆ. ಟಂಗ್‌ಸ್ಟನ್ ವಿಳಂಬದ ವಿವರಣೆಗಲ್ಲ.